ಬ್ಯಾಂಕಿಗೆ ಸಿಗದ ಸೋದರತ್ತೆಯ ದುಡ್ಡು

ನಮ್ಮ ಯಜಮಾನರು ರಾಜಶೇಖರ್ ಜೀವಮಾನದಲ್ಲಿ ಮಾಡಿರುವುದು ಒಂದೇ ಸಾಹಸ. ಮದುವೆಯಾದ ಹೊಸದರಲ್ಲಿ, ಅರಸೀಕೆರೆ ಬಸ್ ನಿಲ್ದಾಣದ ಹತ್ತಿರ ಟೈ ಕಟ್ಟಿಕೊಂಡು ನಿಂತಿದ್ದವನೊಬ್ಬ ಸೂಟ್‌ಕೇಸ್ ಪುಕ್ಕಟೆ ಎಂದದ್ದಕ್ಕೆ ಕ್ರೆಡಿಟ್ ಕಾರ್ಡಿಗೆ ಸಹಿ ಹಾಕಿದರು. ಸೂಟ್‌ಕೇಸಿನ ಚಕ್ರ ವರ್ಷದೊಳಗೇ ಕಳಚಿತು. ಸಾಲ ಮಾತ್ರ ಇವತ್ತಿಗೂ ಗಟ್ಟಿಮುಟ್ಟಾಗಿದೆ. (ಆ ಕಾರ್ಡಿನಲ್ಲಿ ಕೊಂಡ ಫ್ರಿಜ್ಜು ನನ್ನ ಹಟದ್ದು ಎಂಬುದು ಬೇರೆ ಮಾತು.) ಕಂತು ಕಟ್ಟುವುದನ್ನು ನಿಲ್ಲಿಸಿ ಹತ್ತು ವರ್ಷ ದಾಟಿದರೂ ವಸೂಲಿಯವರು ಆಗಾಗ ಫೋನ್ ಮಾಡಿ ಯೋಗಕ್ಷೇಮ ವಿಚಾರಿಸುತ್ತಾರೆ.

ಹೀಗಿರುವಾಗ ಇವರ ಸೋದರತ್ತೆ, ಕಣಕಟ್ಟೆಯ ಶಾಂತಾದೇವಿ, ಶಿವೈಕ್ಯರಾದರು. ಮಕ್ಕಳಿರಲಿಲ್ಲ. ತೆಂಗಿನ ತೋಟ ಮಾರಿ ಸೊಸೈಟಿಯಲ್ಲಿಟ್ಟಿದ್ದ ಹಣವನ್ನು ಅಣ್ಣನ ಮಕ್ಕಳಿಬ್ಬರಿಗೆ, ಅಂದರೆ ಇವರಿಗೂ ಹಳೇಬೀಡಿಗೆ ಕೊಟ್ಟಿರುವ ನಾದಿನಿ ಅಕ್ಷತಾಗೂ, ಸಮಪಾಲು ಬರೆದಿಟ್ಟಿದ್ದರು. ನಮ್ಮ ಪಾಲಿಗೆ ಎಂಟು ಲಕ್ಷ. ಸೋರುವ ಹಂಚು ಇಳಿಸಿ ತಾರಸಿ ಹಾಕಿಸಲು ಸರಿಹೋಗುತ್ತಿತ್ತು. ಮಳೆ ಬಂದರೆ ಸೋರುವ ಕಡೆಗೆಲ್ಲ ಪಾತ್ರೆ ಇಟ್ಟು, ಅಡುಗೆಗೆ ಪಾತ್ರೆಯೇ ಉಳಿಯುತ್ತಿರಲಿಲ್ಲ.

ಆದರೆ ದುಡ್ಡು ಇವರ ಖಾತೆಗೆ ಬಿದ್ದ ಕೂಡಲೇ ಬ್ಯಾಂಕಿನವರು ಎಳೆದುಕೊಂಡರೆ? ಅತ್ತೆಯ ದುಡ್ಡಿನಲ್ಲಿ ಬಿಡಿಗಾಸೂ ಅವರ ಪಾಲಾಗಬಾರದೆಂದು ನಾನು ಭೀಷ್ಮಪ್ರತಿಜ್ಞೆ ಮಾಡಿದೆ.

"ವಕೀಲ ಚಿದಂಬರನ್ನ ಒಂದ್ಮಾತು ಕೇಳಾನ ಕಣೇ" ಅಂದರು ಇವರು.

"ಅವರಿಗ್ಯಾಕ್ರೀ ಫೀಜು ಸುರಿಯೋದು? ನನ್ನ ಪಾಲು ಬೇಡ, ತಂಗಿಗೇ ಇರಲಿ ಅಂತ ಬರ್ಕೊಡಿ. ಅವಳು ತಗೊಂಡು ಸದ್ದಿಲ್ದೆ ನಮ್ಮ ಕೈಗೆ ಕೊಡ್ತಾಳೆ. ನಿಮ್ಮ ಹೆಸರಲ್ಲಿ ದುಡ್ಡೇ ಇಲ್ಲ ಅಂದ್ಮೇಲೆ ಏನ್ ಹಿಡ್ಕೊಂತಾರೆ?"

(ನನ್ನ ಹೆಸರಿಗೇ ಬರೆಸಬಹುದಿತ್ತು. ಗಂಡ ಹೆಂಡತಿ ಒಂದೇ ಎಂದು ಬ್ಯಾಂಕಿನವರು ತಪ್ಪು ತಿಳಿದಾರೆಂಬ ಮುಂದಾಲೋಚನೆ ನನ್ನದು.)

ಇವರು ತಲೆ ಕೆರೆದುಕೊಂಡೇ ಸಹಿ ಹಾಕಿದರು. ನಾನು ಫೋನಿನಲ್ಲಿ ಉಪಾಯ ತಿಳಿಸಿದ್ದೇ ತಡ, ಅಕ್ಷತಾ ಬಂದು ಹಣ ಬಿಡಿಸಿಕೊಂಡಳು. ಇಂಥ ನಾದಿನಿ ಏಳೇಳು ಜನ್ಮಕ್ಕೂ ಸಿಗಲಿ ಎಂದು ಒಬ್ಬಟ್ಟಿನ ಊಟ ಹಾಕಿ ಕಳಿಸಿದೆ.

ತಿಂಗಳಾಯಿತು. ಹಳೇಬೀಡಿನಿಂದ ಸುದ್ದಿಯೇ ಇಲ್ಲ. ಅಷ್ಟರಲ್ಲಿ ಇವರು ನನಗೆ ಹೇಳದೆ ಚಿದಂಬರ ಅವರನ್ನು ಕಂಡು ಬಂದಿದ್ದರು. ಕೋರ್ಟಿನ ಆದೇಶವಿಲ್ಲದೆ ಆ ಹಣಕ್ಕೆ ಯಾರೂ ಕೈ ಹಾಕುವಂತಿಲ್ಲವಂತೆ, ಸಾಲ ಕೊಟ್ಟ ಬ್ಯಾಂಕಿನಲ್ಲೇ ಇಡದಿದ್ದರೆ ಸಾಕಂತೆ. ದಾವಾ ಹೂಡುವ ಮೂರು ವರ್ಷದ ವಾಯಿದೆಯೂ ಎಂದೋ ಮುಗಿದಿತ್ತಂತೆ. ಆದರೂ ಧೈರ್ಯಗೆಡಲಿಲ್ಲ. ಮಾರನೆಯ ದಿನವೇ ದೊಡ್ಡ ಚೀಲ ಹಿಡಿದು ಬಸ್ ಹತ್ತಿದೆ. (ಇವರು ಬರಲಿಲ್ಲ. ತಂಗಿಯನ್ನು ದುಡ್ಡು ಕೇಳಲು ನಾಚಿಕೆಯಂತೆ.)

ಅಕ್ಷತಾ ಪಾಯಸದ ಊಟ ಹಾಕಿದಳು. ಊಟವಾದ ಮೇಲೆ ಒಳಗಿನಿಂದ ತಟ್ಟೆ ತಂದಳು. ಎಲೆ ಅಡಿಕೆ, ಅರಿಶಿನ ಕುಂಕುಮ, ಬಳೆ, ಒಂದು ಸೀರೆ, ಪಕ್ಕದಲ್ಲಿ ಪಂಚೆ ಶಲ್ಯ.

"ಇದೇನೇ ಇದು? ದುಡ್ಡೆಲ್ಲೇ?" ಅಂದೆ.

"ಅಣ್ಣ ನಂಗೇ ಅಂತ ಬರ್ಕೊಟ್ಟನಲ್ಲ ಅತ್ತಿಗೆ. ಅಪ್ಪ ಹೋದಾಗ ನೀವಿರೋ ಮನೇಲಿ ನಂಗೂ ಪಾಲಿತ್ತು. ನೀವು ಅರಿಶಿನ ಕುಂಕುಮ, ಒಂದು ಸೀರೆ ಕೊಟ್ಟು ಸಹಿ ಹಾಕಿಸ್ಕೊಂಡ್ರಿ. ಒಡಹುಟ್ಟಿದವರ ಮಧ್ಯೆ ಲೆಕ್ಕ ಇರಬಾರದು ಅಂದ್ರಿ. ನಾನೂ ಲೆಕ್ಕ ಇಟ್ಕೊಂಡಿಲ್ಲ."

ಅವಳ ದನಿಯಲ್ಲಿ ಸಿಟ್ಟಿರಲಿಲ್ಲ. ಹಣೆಗೆ ಕುಂಕುಮವಿಟ್ಟಳು. ನಾನು ಹಣೆಯೊಡ್ಡಿ, ತಟ್ಟೆಯಲ್ಲಿದ್ದುದನ್ನು ದೊಡ್ಡ ಚೀಲದ ತಳಕ್ಕೆ ಹಾಕಿಕೊಂಡೆ.

ಬಸ್ಸಿನಲ್ಲಿ ಕೂತು ಸೀರೆ ಬಿಚ್ಚಿ ನೋಡಿದೆ. ಅವತ್ತು ಸಹಿ ಹಾಕಿಸಿಕೊಂಡಾಗ ನಾನು ಅವಳಿಗೆ ಕೊಟ್ಟದ್ದು, ಯಾರೋ ನನಗೆ ಕೊಟ್ಟು, ಹಿಡಿಸದೆ ಬೀರುವಿನ ಮೂಲೆಯಲ್ಲಿ ಬಿದ್ದಿದ್ದ ಸೀರೆ. ಇದು ಅಸಲಿ ಮೈಸೂರು ರೇಷ್ಮೆ. ಕಳಪೆಯದಾಗಿದ್ದರೆ ಅರಸೀಕೆರೆ ಬರುವವರೆಗೂ ಅವಳನ್ನು ಬೈದುಕೊಂಡಾದರೂ ಬರಬಹುದಿತ್ತು.