ಮೂರೂವರೆಯವರ ಗಂಡ

ಹೆಂಡತಿ: ಒತ್ತಬೇಡಿ ಅಂದೆ ತಾನೇ?

ಗಂಡ: ಒತ್ತೇ ಒತ್ತುತ್ತೀನಿ. ಗೆದ್ದವರೇ ಸ್ಕೋರು ಹಾಕಬೇಕು. ಕ್ಲಬ್ಬಿನ ನಿಯಮ ಅದು.

ಹೆಂಡತಿ: ನಿಯಮ ನನಗೆ ಹೇಳ್ಬೇಡಿ. ನಾನು ಎಷ್ಟೋ ಸಲ ಹಾಕಿದೀನಿ. ನಿಮಗೆ ಹೊಸದು, ಪಾಪ. ಯಾವ ಗುಂಡಿ ಒತ್ತಬೇಕು ಅಂತಾನಾದ್ರೂ ಗೊತ್ತಾ?

ಗಂಡ: ಗೊತ್ತು. ನಿನ್ನೆಯಿಂದ ಅದನ್ನೇ ನೋಡ್ತಾ ಕೂತಿದೀನಿ.

ಸೋಮವಾರ ಬೆಳಗ್ಗೆ ಕನ್ನಡಕದ ಅಂಗಡಿಯ ಬಾಗಿಲು ತೆರೆದಿತ್ತು, ಗಿರಾಕಿಗಳು ಇನ್ನೂ ಬಂದಿರಲಿಲ್ಲ. ಯಜಮಾನ ಗಾಜಿನ ಕಪಾಟಿನ ಹಿಂದೆ ಫೋನ್ ಹಿಡಿದು ನಿಂತಿದ್ದ. ಹೆಂಡತಿ ಎದುರಿಗೆ ಕೂತು ಒಂದೊಂದೇ ಫ್ರೇಮ್ ಒರೆಸುತ್ತಿದ್ದಳು. ಇಬ್ಬರೂ ಬೀದಿಯ ಕೊನೆಯ ಟೆನಿಸ್ ಕ್ಲಬ್ಬಿನ ಸದಸ್ಯರು. ಆ ಕ್ಲಬ್ಬಿನಲ್ಲಿ ಆಡುವ ಪ್ರತಿಯೊಬ್ಬರಿಗೂ ಒಂದು ರೇಟಿಂಗ್ ಇದೆ. ಚೆಂಡು ಹೋದ ಮೇಲೆ ರಾಕೆಟ್ ಬೀಸುವವರಿಗೆ ಎರಡು, ನೋಡಲು ಜನ ನಿಲ್ಲುವಂತೆ ಆಡುವವರಿಗೆ ನಾಲ್ಕು, ನಡುವೆ ಅರ್ಧರ್ಧದ ಮೆಟ್ಟಿಲು. ಮೇಲಿನವರನ್ನು ಸೋಲಿಸಿದರೆ ಅರ್ಧ ಏರುತ್ತದೆ, ಕೆಳಗಿನವರಿಗೆ ಸೋತರೆ ಅರ್ಧ ಇಳಿಯುತ್ತದೆ. ಯಜಮಾನನದು ಮೂರು. ಅರ್ಧಾಂಗಿಯಾಗಿ ಬಂದವಳು ಅರ್ಧ ಮೆಟ್ಟಿಲು ಮೇಲೆ ಹೋಗಿ ಕೂತಿದ್ದಳು. ಹಾಗಾಗಿ ಅವನಿಗೆ ಕ್ಲಬ್ಬಿನಲ್ಲಿ ‘ಮೂರೂವರೆಯವರ ಗಂಡ’ ಎಂದೇ ಹೆಸರು. ಆ ಹೆಸರು ಅವನಿಗೆ ಅಂಗಾಲಿನ ಮುಳ್ಳು. ಯಾರಾದರೂ ಹಾಗೆಂದು ಕರೆದ ದಿನ ಅವನು ಸರಿಯಾಗಿ ಊಟ ಮಾಡುತ್ತಿರಲಿಲ್ಲ. ನಿನ್ನೆ, ಭಾನುವಾರ, ಅದೇ ಮನುಷ್ಯ ನಾಲ್ಕು ರೇಟಿಂಗಿನ ಹಲ್ಲಿನ ಡಾಕ್ಟರನ್ನು ಸೋಲಿಸಿಬಿಟ್ಟಿದ್ದ. ಫೋನಿನಲ್ಲಿ ಸ್ಕೋರು ಹಾಕಿ ಗುಂಡಿ ಒತ್ತಿದರೆ ಮೂರೂವರೆ. ಮುಳ್ಳು ಹೊರಗೆ.

ಗಂಡ: ಆರು-ನಾಲ್ಕು, ಏಳು-ಐದು. ಎರಡೂ ಸೆಟ್ ನನ್ನದೇ.

ಹೆಂಡತಿ: ಡಾಕ್ಟ್ರಿಗೆ ಜ್ವರ ಇತ್ತಾ?

ಗಂಡ: ಗುಂಡುಕಲ್ಲಿನ ಹಾಗಿದ್ರು.

ಹೆಂಡತಿ: ಕಾಲು ಉಳುಕಿತ್ತಾ?

ಗಂಡ: ಯಾಕೆ, ನಾನು ಗೆಲ್ಲಬೇಕು ಅಂದ್ರೆ ಎದುರಿಗಿರೋರಿಗೆ ಏನಾದ್ರೂ ಆಗಿರಲೇಬೇಕಾ?

ಹೆಂಡತಿ: ಇಷ್ಟು ವರ್ಷ ಯಾರಿಗೂ ಏನೂ ಆಗಿರಲಿಲ್ಲ ನೋಡಿ, ಅದಕ್ಕೇ ಕೇಳಿದೆ.

ಗಂಡ: ಹೊಟ್ಟೆಕಿಚ್ಚು! ಗಂಡ ಸರಿಸಮ ಆಗ್ತಾನೆ ಅನ್ನೋ ಹೊಟ್ಟೆಕಿಚ್ಚು!

ಹೆಂಡತಿ: ಕಾಗೆ ಕೂರೋದಕ್ಕೂ ಕೊಂಬೆ ಮುರಿಯೋದಕ್ಕೂ ಸರಿಹೋಯ್ತು. ಅಷ್ಟಕ್ಕೇ ಕಾಗೆ ಪೈಲ್ವಾನ್ ಅಂತ ಬೋರ್ಡು ಬರೆಸ್ಕೊಳ್ತಾ?

ಗಂಡ: ಕಾಗೆ ಎರಡು ಸೆಟ್ ಕೂತಿತ್ತು ಕಣೆ! ನೀನು ನೋಡ್ಬೇಕಿತ್ತು. ಹೊಡೆದಿದ್ದೆಲ್ಲ ಗೆರೆ ಮೇಲೇ.

ಹೆಂಡತಿ: ಗೆರೆ ಮೇಲೆ ಅಂತ ಯಾರು ಹೇಳಿದ್ದು?

ಗಂಡ: ಡಾಕ್ಟ್ರೇ. ನಮ್ಮ ಕ್ಲಬ್ಬಲ್ಲಿ ಅಂಪೈರ್ ಎಲ್ಲಿದಾರೆ? ಅವರವರ ಕಡೆ ಬಿದ್ದ ಚೆಂಡು ಒಳಗೋ ಹೊರಗೋ ಅಂತ ಅವರವರೇ ಹೇಳ್ಬೇಕಲ್ಲ. ಎಂಥಾ ದೊಡ್ಡ ಮನಸ್ಸು ಅಂತೀಯ! ನನಗೇ ಹೊರಗೆ ಅನಿಸಿದ್ದನ್ನೂ ‘ಒಳಗೆ, ಒಳಗೆ’ ಅಂದುಬಿಟ್ರು.

ಒರೆಸುತ್ತಿದ್ದ ಕೈ ನಿಂತಿತು.

ಹೆಂಡತಿ: ನಿಮಗೇ ಹೊರಗೆ ಅನಿಸಿದ್ದು ಎಷ್ಟು?

ಗಂಡ: ಒಂದೆರಡು.

ಹೆಂಡತಿ: ಎಷ್ಟು?

ಗಂಡ: ಏಳೆಂಟು. ಒಂದು ಬೇಲಿ ಹತ್ತಿರ ಬಿದ್ದಿತ್ತು. ಗಾಳಿ ಇತ್ತು ಬಿಡು.

ಹೆಂಡತಿ ಎದ್ದಳು. ರಿಪೇರಿಗೆ ಬಂದ ಕನ್ನಡಕಗಳ ಡ್ರಾಯರ್ ಎಳೆದು, ಕಂದು ಫ್ರೇಮಿನದೊಂದನ್ನು ತೆಗೆದು ಗಂಡನ ಮೂಗಿನ ಕೆಳಗೆ ಹಿಡಿದಳು.

ಹೆಂಡತಿ: ಇದೇನು?

ಗಂಡ: ಕನ್ನಡಕ.

ಹೆಂಡತಿ: ಕನ್ನಡಕದ ಅಂಗಡೀಲಿ ನಿಂತು ಕನ್ನಡಕ ಅಂತ ಕಂಡುಹಿಡಿದ್ರಲ್ಲ, ಭೇಷ್. ಯಾರದ್ದು?

ಗಂಡ: (ತಗ್ಗಿದ ದನಿಯಲ್ಲಿ) ಡಾಕ್ಟ್ರದ್ದು.

ಹೆಂಡತಿ: ಯಾವತ್ತು ಕೊಡ್ತೀನಿ ಅಂದಿದ್ರಿ?

ಗಂಡ: ಶನಿವಾರ.

ಹೆಂಡತಿ: ಶನಿವಾರ ಎಲ್ಲಿದ್ರಿ?

ಗಂಡ: ಕ್ಲಬ್ಬಲ್ಲಿ. ಗೋಡೆಗೆ ಹೊಡೆದು ಸರ್ವ್ ಅಭ್ಯಾಸ ಮಾಡ್ತಿದ್ದೆ.

ಹೆಂಡತಿ: ಆಹಾಹಾ! ಎದುರಾಳಿ ಕಣ್ಣನ್ನ ಡ್ರಾಯರಲ್ಲಿಟ್ಟು ಆಟಕ್ಕೆ ಹೋಗಿದೀರಿ! ಕಣ್ಣಿಗೆ ಬಟ್ಟೆ ಕಟ್ಟಿ ಕಾಡಿಗೆ ಬಿಟ್ಟ ಹಾಗೆ ಆ ಮನುಷ್ಯನ್ನ ಕೋರ್ಟಿಗೆ ಬಿಟ್ಟು, ಆಮೇಲೆ ಗೆದ್ದೆ ಅಂತ ಬೀಗ್ತಿದೀರಿ!

ಗಂಡ: ಬೇಕಂತ ಮಾಡಿದ್ದಲ್ಲ ಕಣೆ!

ಹೆಂಡತಿ: ಅದು ಗೊತ್ತು. ಬೇಕಂತ ಮಾಡೋಷ್ಟು ಬುದ್ಧಿ ಇದ್ದಿದ್ರೆ ಇಷ್ಟು ಹೊತ್ತಿಗೆ ನೀವು ನಾಲ್ಕಾಗಿರ್ತಿದ್ರಿ. ಎರಡು ದಿನದಿಂದ ಯಾರ್ಯಾರ ಒಳ್ಳೇ ಹಲ್ಲು ಕಿತ್ತಿದಾರೋ ಪಾಪ, ಅದೂ ನಿಮ್ಮ ಲೆಕ್ಕಕ್ಕೇ. ಆ ಆಟ ಬೇಡ ಅನ್ನಿ, ಸ್ಕೋರು ಹಾಕಬೇಡಿ.

ಯಜಮಾನ ಕಣ್ಣು ಪರೀಕ್ಷೆಯ ಕುರ್ಚಿಯಲ್ಲಿ ಕುಸಿದು ಕೂತ. ಎದುರು ಗೋಡೆಯ ಮೇಲೆ ಅಕ್ಷರಗಳ ಹಲಗೆ. ಮೇಲೆ ದೊಡ್ಡವು, ಕೆಳಕೆಳಗೆ ಸಣ್ಣವು. ತಾನು ಯಾವ ಸಾಲಿನವನೆಂದು ಯಾರೂ ಹೇಳಬೇಕಾಗಿರಲಿಲ್ಲ. ಜನ್ಮದಲ್ಲಿ ಒಂದು ಸಲ ಗೆದ್ದದ್ದು, ಅದೂ ಹೀಗೆ. ಅವನಿಗೆ ನಿಜಕ್ಕೂ ಅಳು ಬಂತು. ಅಳು ನುಂಗುತ್ತ, ಹೆಂಡತಿಯ ಕೈಯಿಂದ ತೆಗೆದುಕೊಂಡಿದ್ದ ಕನ್ನಡಕವನ್ನು ಕಸುಬಿನ ಅಭ್ಯಾಸಕ್ಕೆ ಹಲಗೆಗೆ ಅಡ್ಡ ಹಿಡಿದು ಸ್ವಲ್ಪ ಅಲ್ಲಾಡಿಸಿದ. ಮತ್ತೆ ಅಲ್ಲಾಡಿಸಿದ. ಆಮೇಲೆ ಕುರ್ಚಿಯಿಂದ ಚಿಮ್ಮಿದ.

ಗಂಡ: ಏ! ಇದು ಪ್ಲಸ್ಸು!

ಹೆಂಡತಿ: ಏನು ಪ್ಲಸ್ಸು?

ಗಂಡ: ಪವರು! ನೋಡು, ನಾನು ಈ ಕಡೆ ಸರಿಸಿದ್ರೆ ಅಕ್ಷರ ಆ ಕಡೆ ಓಡ್ತಿದೆ. ಇದು ಹತ್ತಿರ ನೋಡೋ ಕನ್ನಡಕ ಕಣೆ, ಬಾಯೊಳಗೆ ಬಗ್ಗಿ ನೋಡೋದಕ್ಕೆ! ದೂರಕ್ಕೆ ಡಾಕ್ಟ್ರಿಗೆ ಕನ್ನಡಕಾನೇ ಬೇಡ. ಗೆರೆ, ಬೇಲಿ ಎಲ್ಲಾ ನಿಚ್ಚಳವಾಗಿ ಕಾಣತ್ತೆ ಅವರಿಗೆ. ಆಹಾ, ಕನ್ನಡಕದಂಗಡಿ ಯಜಮಾನ್ತಿ! ದೀಪದ ಬುಡದಲ್ಲೇ ಕತ್ತಲು!

ಹೆಂಡತಿ: (ತಡವರಿಸಿ) ಆದ್ರೂ... ಸ್ವಲ್ಪ ದಿನ ತಾಳಿ.

ಗಂಡ: ಯಾಕೆ ತಾಳಲಿ?

ಹೆಂಡತಿ: ಸುಮ್ನೆ. ನಾನು ಹೇಳ್ತಿದೀನಿ ಅಂತ.

ಗಂಡ: ನೀನು ಹೇಳ್ತಿದೀಯ ಅಂತಾನೇ ಒತ್ತುತ್ತಿದೀನಿ.

ಒತ್ತಿದ. ಫೋನ್ ಟಣ್ ಎಂದಿತು. ‘ನಿಮ್ಮ ಹೊಸ ರೇಟಿಂಗ್: ಮೂರೂವರೆ.’ ಯಜಮಾನ ಗಿರಾಕಿಗಳ ಕನ್ನಡಿಯ ಮುಂದೆ ನಿಂತು ಕಾಲರ್ ಸರಿಮಾಡಿಕೊಂಡ.

ಗಂಡ: ಇನ್ಮೇಲೆ ಯಾರು ಯಾರ ಗಂಡ ಅಂತ ನೋಡೋಣ.

ಹೆಂಡತಿ: ನನ್ನ ಗಂಡಾನೇ. ರೇಟಿಂಗ್ ಏರಿದ್ರೆ ಅದೇನೂ ಬದಲಾಗಲ್ಲ.

ಬಾಗಿಲು ತಳ್ಳಿಕೊಂಡು ಹಲ್ಲಿನ ಡಾಕ್ಟರು ಒಳಗೆ ಬಂದರು. ಕೈಯಲ್ಲಿ ಹೊಸ ಚೆಂಡುಗಳ ಡಬ್ಬಿ, ಮುಖದ ತುಂಬ ನಗು. ಸೋತವರ ಮುಖದಲ್ಲಿ ಅಂಥ ನಗುವನ್ನು ಯಜಮಾನ ಹಿಂದೆಂದೂ ಕಂಡಿರಲಿಲ್ಲ; ಸೋತವರನ್ನೇ ಅವನು ಅಷ್ಟಾಗಿ ಕಂಡಿರಲಿಲ್ಲ.

ಡಾಕ್ಟರು: ಯಜಮಾನ್ರೇ! ಸ್ಕೋರು ಹಾಕಿದ್ರಲ್ಲ, ಈಗ ತಾನೇ ನೋಡಿದೆ. ನಾನು ಮೂರೂವರೆಗೆ ಇಳಿದೆ. ನಿಮ್ಮ ಹೊಟ್ಟೆ ತಣ್ಣಗಿರಲಿ! ತಗೊಳ್ಳಿ, ನಿಮಗೆ ಅಂತಾನೇ ತಂದೆ.

ಗಂಡ: ಇಳಿದಿದ್ದಕ್ಕೆ ಇಷ್ಟು ಸಂತೋಷಾನಾ ಡಾಕ್ಟ್ರೇ?

ಡಾಕ್ಟರು: ಸಂಸಾರ ಉಳೀತಲ್ಲ ಅಂತ ಸಂತೋಷ. ನಮ್ಮ ಮನೆಯವರು ಹೋದ ವಾರ ಮೂರೂವರೆ ಆದ್ರು. ಮುಂದಿನ ತಿಂಗಳು ಜೋಡಿ ಪಂದ್ಯ ಇದೆಯಲ್ಲ, ಅದರಲ್ಲಿ ಜೋಡಿಯ ರೇಟಿಂಗ್ ಕೂಡಿದ್ರೆ ಏಳು ದಾಟೋ ಹಾಗಿಲ್ಲ. ಅವರ ಮೂರೂವರೆ, ನನ್ನ ನಾಲ್ಕು, ಏಳೂವರೆ ಆಗೋಯ್ತು. ‘ನೀವು ಇಳೀತೀರೋ, ನಾನು ಬೇರೆ ಜೋಡಿ ನೋಡ್ಕೊಳ್ಳಲೋ?’ ಅಂದ್ರು. ಇಳಿದೆ.

ಗಂಡ: ಇಳಿದೆ ಅಂದ್ರೆ... ಬೇಕಂತ?

ಡಾಕ್ಟರು: ಅಲ್ಲಾ ಕಣ್ರೀ, ನಿಮ್ಮ ಕೈಲಿ ಸೋಲೋದು ಇಷ್ಟು ಕಷ್ಟ ಅಂತ ಮೊದಲೇ ಒಂದು ಮಾತು ಹೇಳಬಾರದಾ? ನಾನು ಹೊರಗೆ ಹೊಡೆಯೋಣ ಅಂತ ಕೈ ಎತ್ತೋಷ್ಟರಲ್ಲಿ ನೀವು ಹೊರಗೆ ಹೊಡೆದಿರ್ತೀರಿ! ಬೇಲಿ ಹತ್ತಿರ ಬಿದ್ದಿದ್ದಕ್ಕೂ ‘ಒಳಗೆ, ಒಳಗೆ’ ಅಂತ ಕೂಗಿ ಗಂಟಲು ಕಟ್ಟಿಹೋಗಿದೆ. ಎರಡನೇ ಸೆಟ್ಟಲ್ಲಂತೂ ಎಲ್ಲಿ ಗೆದ್ದುಬಿಡ್ತೀನೋ ಅಂತ ಜೀವ ಬಾಯಿಗೆ ಬಂದಿತ್ತು.

ಡಾಕ್ಟರು ಕನ್ನಡಕ ಹಾಕಿಕೊಂಡು, “ಆಹಾ, ಇನ್ನು ಹಲ್ಲು ಕಾಣಿಸತ್ತೆ,” ಎಂದು ಹೊರಟುಹೋದರು. ಯಜಮಾನ ಇಂಗು ತಿಂದ ಮಂಗನ ಹಾಗೆ ಚೆಂಡಿನ ಡಬ್ಬಿ ಹಿಡಿದು ನಿಂತಿದ್ದ.

ಗಂಡ: ನಗು. ತಡ್ಕೋಬೇಡ, ಪೂರ್ತಿ ನಕ್ಕುಬಿಡು.

ಹೆಂಡತಿ ನಗಲಿಲ್ಲ. ಅದರಿಂದ ಅವನಿಗೆ ಇನ್ನೂ ಭಯವಾಯಿತು.

ಗಂಡ: ಹೋಗ್ಲಿ ಬಿಡು. ಹೇಗೆ ಬಂದ್ರೂ ಮೂರೂವರೆ ಮೂರೂವರೇನೇ. ನೀನು ಮೂರೂವರೆ, ನಾನು ಮೂರೂವರೆ. ಕೂಡಿದ್ರೆ ಸರಿಯಾಗಿ ಏಳು. ನಾವೂ ಜೋಡಿ ಪಂದ್ಯ ಆಡಬಹುದು.

ಹೆಂಡತಿ: ನಾನು ಮೂರೂವರೆ ಅಂತ ನಿಮಗ್ಯಾರು ಹೇಳಿದ್ದು?

ಅವಳು ತನ್ನ ಫೋನನ್ನು ಕಪಾಟಿನ ಮೇಲಿಟ್ಟಳು. ನಾಲ್ಕು.

ಹೆಂಡತಿ: ಶನಿವಾರ ನೀವು ಗೋಡೆ ಜೊತೆ ಆಡ್ತಿದ್ರಲ್ಲ, ಅದೇ ಗೋಡೆ ಆಚೆ ನಾನು ವಕೀಲರ ಜೊತೆ ಆಡ್ತಿದ್ದೆ. ನಾಲ್ಕರ ವಕೀಲರು. ಅವರಿಗೆ ಜ್ವರಾನೂ ಇರಲಿಲ್ಲ, ಕಾಲೂ ಉಳುಕಿರಲಿಲ್ಲ.

ಗಂಡ: ನನಗೆ ಹೇಳಲೇ ಇಲ್ಲ.

ಹೆಂಡತಿ: ಮೂರೂವರೆಯವರ ಗಂಡ ಅಂದ್ರೇನೇ ಊಟ ಬಿಡೋರು. ನಾಲ್ಕರವರ ಗಂಡ ಅಂದ್ರೆ ನೀರೂ ಬಿಡ್ತೀರಿ ಅಂತ ಸುಮ್ಮನಿದ್ದೆ. ನನ್ನ ನಾಲ್ಕು, ನಿಮ್ಮ ಮೂರು, ಏಳು. ಹೇಗೋ ಸರಿಹೋಗಿತ್ತು. ಒತ್ತಬೇಡಿ, ಒತ್ತಬೇಡಿ ಅಂತ ಬೆಳಗ್ಗೆಯಿಂದ ಬಡ್ಕೊಂಡೆ.

ಗಂಡ: ಈಗ ಏಳೂವರೆ.

ಹೆಂಡತಿ: ಈಗ ಏಳೂವರೆ. ಇಬ್ಬರೂ ಬೇಲಿ ಆಚೆ ನಿಂತು ಚಪ್ಪಾಳೆ ತಟ್ಟೋಣ.

ಪ್ರತಿ ವರ್ಷ ಜೋಡಿ ಪಂದ್ಯದ ಮೊದಲ ಸುತ್ತಿನಲ್ಲೇ ಇವನಿಂದಾಗಿ ಇಬ್ಬರೂ ಹೊರಗೆ ಬೀಳುತ್ತಿದ್ದರು. ಆದರೂ ಅವಳು ಬೇರೆ ಜೋಡಿಯ ಮಾತೆತ್ತಿದವಳಲ್ಲ. ಬೆಳಗ್ಗೆಯಿಂದ ತಾನು ಹೊಟ್ಟೆಕಿಚ್ಚು ಎಂದುಕೊಂಡದ್ದು ಇದನ್ನು! ಯಜಮಾನನಿಗೆ ನಾಚಿಕೆಯಾಯಿತು, ಅದಕ್ಕಿಂತ ಹೆಚ್ಚು ಸಂತೋಷವೂ ಆಯಿತು. ಆದರೆ ಬಾಯಿಗೆ ಬಂದದ್ದು ಬೇರೆ.

ಗಂಡ: ಮೂರಿರೋರು ಕ್ಲಬ್ಬಲ್ಲಿ ಬೇಕಾದಷ್ಟು ಜನ ಇದಾರೆ. ಯಾರ ಜೊತೆಗಾದ್ರೂ ಆಡು.

ಹೆಂಡತಿ: ಇಷ್ಟು ವರ್ಷ ನಿಮ್ಮನ್ನ ಬೈದು ಬಾಯಿ ಪಳಗಿದೆ. ಬೇರೆಯವರನ್ನ ಬೈಯೋಕೆ ಮತ್ತೆ ಮೊದಲಿಂದ ಶುರು ಮಾಡ್ಬೇಕು, ಯಾರಿಗೆ ಬೇಕು? ಬರೋ ಭಾನುವಾರ ಲೈಬ್ರರಿಯವರಿಗೆ ಸೋತು ಇಳೀರಿ. ಅವರು ಎರಡೂವರೆ.

ಗಂಡ: (ಎದೆಯುಬ್ಬಿಸಿ) ಸೋಲೋದು ತಾನೇ? ಅದನ್ನ ನನಗೆ ಬಿಡು.

ಹೆಂಡತಿ: ಆ ಒಂದು ವಿಷಯದಲ್ಲಿ ನಿಮ್ಮ ಮೇಲೆ ಪೂರ್ತಿ ನಂಬಿಕೆ ಇದೆ.

ಭಾನುವಾರ ಬಂತು. ಲೈಬ್ರರಿಯವರು ಪೊರಕೆ ಹಿಡಿದಂತೆ ರಾಕೆಟ್ ಹಿಡಿದು ನಿಂತರು. ಹೆಂಡತಿ ಬೆಂಚಿನ ಮೇಲೆ ನೆಮ್ಮದಿಯಾಗಿ ಕೂತಳು. ಯಜಮಾನ ಬೇಲಿಗೆ ಗುರಿಯಿಟ್ಟು ಸರ್ವ್ ಹೊಡೆದ. ಆದರೆ ಅವನ ಚೆಂಡು ಅವನು ಗುರಿಯಿಟ್ಟ ಕಡೆ ಎಂದೂ ಹೋದದ್ದಿಲ್ಲ; ಅಂದೂ ಹೋಗಲಿಲ್ಲ. ಮೂಲೆಯಲ್ಲಿ, ಎರಡು ಗೆರೆ ಕೂಡುವ ಜಾಗದಲ್ಲಿ, ಇಟ್ಟಂತೆ ಬಿತ್ತು. ಆಮೇಲೆ ಎಲ್ಲವೂ ಹಾಗೆಯೇ. ಲೈಬ್ರರಿಯವರು ಪ್ರಾಮಾಣಿಕ ಮನುಷ್ಯ, ಒಂದೊಂದಕ್ಕೂ “ಒಳಗೆ! ಎಂಥಾ ಹೊಡೆತ!” ಎಂದು ಚಪ್ಪಾಳೆ ತಟ್ಟಿದರು. ಅರ್ಧ ಗಂಟೆಯಲ್ಲಿ ಆಟ ಮುಗಿಯಿತು. ಗೆದ್ದು ಬೆಂಚಿನ ಹತ್ತಿರ ಬಂದ ಗಂಡನಿಗೆ ತಲೆಯೆತ್ತಲಾಗಲಿಲ್ಲ.

ಗಂಡ: ನಾನೇನು ಮಾಡ್ಲಿ? ಬೇಲಿಗೆ ಹೊಡೆದ್ರೆ ಗೆರೆ ಮೇಲೆ ಬೀಳತ್ತೆ. ನೆಟ್ಟಿಗೆ ಹೊಡೆದ್ರೆ ದಾಟಿಹೋಗತ್ತೆ. ಮನಸ್ಸಿಟ್ಟು ಸೋಲೋಕೆ ನೋಡಿದೆ ಕಣೆ.

ಹೆಂಡತಿ: ಅದೇ ತಪ್ಪಾಗಿದ್ದು. ಮುಂದಿನ ವಾರ ಗೆಲ್ಲಲೇಬೇಕು ಅಂತ ಜೀವ ತೇದು ಆಡಿ. ನಿಮಗೆ ಸೋಲೋಕೆ ಅದೊಂದೇ ದಾರಿ.