ನಗದಿದ್ದರೆ ಕಡುಬು

ನಗಿಸಲು ಹೊರಟವನನ್ನು ನೋಡಿ ಊರೇ ನಗುವುದು ಹೊಸತೇನಲ್ಲ. ಕುಂದಾಪುರದ ನಮ್ಮ ಬರಹಗಾರರ ಕೂಟಕ್ಕೆ ಹಾಸ್ಯ ಕಲಿಯಲು ಸೇರಿದ ಮೇಲೆ ನನಗಂತೂ ಇಂಥದ್ದು ಆಗುತ್ತಲೇ ಇದೆ.

ಕೂಟದ ಕಟ್ಟಳೆ

ತಿಂಗಳಿಗೊಮ್ಮೆ ಭಾನುವಾರ ಸೇರುತ್ತೇವೆ. ಬ್ರಹ್ಮಾವರದ ನಿವೃತ್ತ ಹೆಡ್‌ಮಾಸ್ತರರು ಅಧ್ಯಕ್ಷರು. ಅವರ ಕಟ್ಟಳೆ ಒಂದೇ: ಯಾರ ಬರಹಕ್ಕೆ ಒಬ್ಬರೂ ನಗುವುದಿಲ್ಲವೋ, ಮುಂದಿನ ತಿಂಗಳ ತಿಂಡಿ ಅವರ ಮನೆಯದು.

ಉಪ್ಪುಂದದ ಮೀನು ವ್ಯಾಪಾರಿಗೆ ಹರಾಜು ಕೂಗಿ ಅಭ್ಯಾಸ. ಯಾರೂ ನಗದಿದ್ದರೆ ಅದೇ ಜೋಕನ್ನು ಇನ್ನೂ ದೊಡ್ಡ ಸ್ವರದಲ್ಲಿ ಓದುತ್ತಾರೆ. ಒಮ್ಮೆ ಅಧ್ಯಕ್ಷರು ಕಿವಿ ಮುಚ್ಚಿಕೊಂಡು, "ಸಾಕ್ ಮಾರಾಯ್ರೆ, ನೆಗಾಡ್ತೆ!" ಎಂದರು. ವ್ಯಾಪಾರಿಗೆ ತಿಂಡಿ ತರುವುದು ತಪ್ಪಿತು.

ಸೆಖೆಗಾಲದ ಚಳಿ

ನನಗೆ ಮಾತ್ರ ಆ ಭಾಗ್ಯವಿಲ್ಲ. ಹೊಲಿಗೆ ಅಂಗಡಿಯಲ್ಲಿ ಗಿರಾಕಿಗಳನ್ನು ನಗಿಸುವ ನಾನು ಕೂಟದಲ್ಲಿ ಓದಿದರೆ ಎಲ್ಲರೂ ಗಪ್‌ಚಿಪ್. ಒಮ್ಮೆಯಾದರೂ ಇವರು ನಗಲಿ ದೇವರೇ ಅಂತ, ಗಿರಾಕಿಗಳ ರವಿಕೆ ಬದಿಗಿಟ್ಟು ಬರಹ ತಿದ್ದುತ್ತಿದ್ದೆ. ಪ್ರತಿ ತಿಂಗಳೂ ಹೆಂಡತಿ ಹಲಸಿನ ಎಲೆಯಲ್ಲಿ ಕೊಟ್ಟೆ ಕಡುಬು ಬೇಯಿಸುವುದು, ನಾನು ಹೊರುವುದು.

ಒಂದು ಸಲ ನಾನು ಓದುವಾಗ ಮೀನು ವ್ಯಾಪಾರಿ ಹೆಗಲ ಮೇಲಿನ ಬೈರಾಸನ್ನು ಬಾಯಿಗೆ ತುರುಕಿಕೊಂಡು ಗಡಗಡ ಅಲುಗುತ್ತಿದ್ದರು.

"ಎಂತ ಆಯ್ತ್ ಮಾರಾಯ್ರೆ?"

"ಎಂತ ಇಲ್ಲ, ಚಳಿ" ಅಂದರು.

ಮೇ ತಿಂಗಳು! ಪಾಪ, ಜ್ವರವಿರಬೇಕೆಂದು ಫ್ಯಾನ್ ಆರಿಸಿದೆ.

ನನ್ನ ಕೈರುಚಿ

ಮನೆಗೆ ಬಂದು ಹೇಳಿದರೆ ಹೆಂಡತಿ ಸೊಂಟಕ್ಕೆ ಕೈ ಕೊಟ್ಟು ನಿಂತಳು. "ಹ್ವಾಯ್, ನಿಮ್ ಬರಹ ಕೇಂಡ್ರೆ ನಂಗೇ ನೆಗಿ ಬತ್ತ್. ಅವ್ರ್ ನೆಗಿ ತಡ್ಕಂಬುದ್ ಕಡ್ಬಿನ್ ಆಸೆಗೆ! ಈ ಸಲ ನೀವೇ ಬೇಯ್ಸಿ."

ಬೇಯಿಸಿದೆ. ನಮ್ಮಲ್ಲಿ ತಿಂಡಿ ಮೊದಲು, ಓದು ಆಮೇಲೆ. ಅಧ್ಯಕ್ಷರು ಒಂದು ಕಚ್ಚು ಕಚ್ಚಿದ್ದೇ, ಅವರ ಕಟ್ಟಿಸಿದ ಹಲ್ಲು ಕಡುಬಿನಲ್ಲೇ ಉಳಿಯಿತು. ಉಳಿದವರು ಮುಖ ಮುಖ ನೋಡಿಕೊಂಡರು.

ನಾನು ಕನ್ನಡಕ ಹಾಕಿ ಎದ್ದು, "ಇಂದು ನಮ್ಮೆಲ್ಲರಿಗೂ ದುಃಖದ ದಿನ" ಎಂದೆ. ಅಷ್ಟೇ, ಎಲ್ಲರೂ ಹೊಟ್ಟೆ ಹಿಡಿದು ನಗತೊಡಗಿದರು! "ಅವರು ಎಷ್ಟು ಸಾಧು ಮನುಷ್ಯ" ಎಂದೆ. ಇನ್ನೂ ನಗು. ಮೀನು ವ್ಯಾಪಾರಿ ನೆಲದಲ್ಲೇ ಕೂತು, "ನಿಮ್ದ್ ಕಡ್ಬ್ ಇನ್ ಬ್ಯಾಡ!" ಎಂದು ಕೈ ಮುಗಿದರು.

ಅಧ್ಯಕ್ಷರು ಹಲ್ಲಿಲ್ಲದ ಬಾಯಲ್ಲಿ ನಕ್ಕು ನಕ್ಕು ಕಣ್ಣೊರೆಸಿಕೊಂಡು, "ಅಂತೂ ನಿಮ್ಗ್ ಹಾಸ್ಯ ಬಂತ್ ಮಾರಾಯ್ರೆ!" ಎಂದು ಬೆನ್ನು ತಟ್ಟಿದರು.

ಹೇಗೆ ಹೇಳುವುದು? ಆ ಸಲ ನಾನು ಬರೆದುಕೊಂಡು ಹೋಗಿದ್ದದ್ದು, ಹಿಂದಿನ ವಾರ ತೀರಿಕೊಂಡ ಅವರ ಭಾವನಿಗೆ ಶ್ರದ್ಧಾಂಜಲಿ.