ಮೇಲ್ ಬಂದರೆ ಗಂಟೆ

ಕಾಶಿನಾಥನ ಕಂಪ್ಯೂಟರಿಗೆ ಆ ಹಾಳು ನೋಟಿಫೈಯರ್ ಬಂದು ಕೂತದ್ದು ಸೋಮವಾರ ಬೆಳಿಗ್ಗೆ. ಮಧ್ಯಾಹ್ನದೊಳಗೆ ಅಬ್ಬಿಗೆರೆಯ ಆ ಪಂಪ್ ಕಾರ್ಖಾನೆಯ ಗೇಟಿನ ಮುಂದೆ ಅಗ್ನಿಶಾಮಕ ದಳದ ಕೆಂಪು ಲಾರಿ ನಿಂತಿತ್ತು. ನಡುವೆ ನಡೆದ ಅವಾಂತರಕ್ಕೆಲ್ಲ ಕಾರಣ ಒಂದೇ. ಕಾಶಿನಾಥನಿಗೆ ಹುಬ್ಬಳ್ಳಿಗೆ ಹೋಗಬೇಕಿತ್ತು.

ಹುಬ್ಬಳ್ಳಿಯಲ್ಲಿ ಅವನ ಹೆಂಡತಿ ಅಕ್ಷಯಾ ಹೈಸ್ಕೂಲು ಟೀಚರು. ಮಗಳೂ ಅಲ್ಲೇ. ಇವನು ಮಾತ್ರ ಇಲ್ಲಿ, ಆಫೀಸಿನ ಗುಮಾಸ್ತ. ಪ್ರತಿ ಶನಿವಾರ ಯಶವಂತಪುರದಲ್ಲಿ ರೈಲು ಹತ್ತುವುದು, ಸೋಮವಾರ ಬೆಳಿಗ್ಗೆ ಅಲ್ಲೇ ಇಳಿದು ಚೀಲದ ಸಮೇತ ಆಫೀಸಿಗೆ ಬರುವುದು. ಉಳಿದ ದಿನ ಮೆಸ್ಸಿನ ಚಪಾತಿ. ಅದನ್ನು ಹಿಂಡಿದರೆ ನೀರು ಬರುತ್ತಿತ್ತು. ಕಾರ್ಖಾನೆಗೆ ಹುಬ್ಬಳ್ಳಿಯಲ್ಲಿ ಒಂದು ಡಿಪೋ ಇತ್ತು. ಅದನ್ನು ನೋಡಿಕೊಳ್ಳುತ್ತಿದ್ದವನು ಕೆಲಸ ಬಿಟ್ಟಿದ್ದ. ಆ ಜಾಗ ಯಾರಿಗೆ ಎಂದು ಮಾಲೀಕರು ಈ ಸೋಮವಾರವೇ ಮೇಲ್ ಹಾಕುತ್ತಾರೆ ಎಂಬ ಸುದ್ದಿ ಹಬ್ಬಿತ್ತು.

ಮಾಲೀಕ ವೆಂಕಟರಾಮಯ್ಯನವರ ರೀತಿಯೇ ಬೇರೆ. ಈಗ ಕಾರ್ಖಾನೆಯಿರುವ ನೆಲದಲ್ಲಿ ಅವರಪ್ಪ ರಾಗಿ ಬೆಳೆಯುತ್ತಿದ್ದರು. ಇವರು ಜಕ್ಕೂರಿನ ಮನೆಯ ಜಗಲಿಯ ಮೇಲೆ ಕೂತು ಕಾರ್ಖಾನೆ ನಡೆಸುತ್ತಿದ್ದರು. ಫೋನಿಗೆ ಬಾಯಲ್ಲಿ ಹೇಳಿದರೆ ಅದೇ ಅಕ್ಷರವಾಗಿ ಮೇಲ್ ಹೋಗುತ್ತದೆ ಎಂದು ಮಗ ತೋರಿಸಿಕೊಟ್ಟಂದಿನಿಂದ ಅವರು ಯಾರಿಗೂ ಎದುರು ನಿಂತು ಅಪ್ಪಣೆ ಕೊಟ್ಟದ್ದೇ ಇಲ್ಲ. "ಬಾಯಲ್ಲೇಳುದ್ರೆ ಕೇಳುಸ್ಲಿಲ್ಲ ಅಂತೀರ. ಮೇಲಾಕುದ್ರೆ ಅನ್ನಾಕಾಯ್ತದಾ?" ಎನ್ನುತ್ತಿದ್ದರು. ಯಾವ ಜಾಗ ಖಾಲಿಯಾದರೂ ಎಲ್ಲರಿಗೂ ಒಂದೇ ಮೇಲು. ಯಾರ ಉತ್ತರ ಮೊದಲು ಬರುತ್ತದೋ ಜಾಗ ಅವರದು. ಅರ್ಹತೆ, ಅನುಭವ ಎಲ್ಲ ಮಣ್ಣಂಗಟ್ಟಿ. ಎಚ್ಚರ ಇದ್ದವನೇ ಕೆಲಸಗಾರ ಎಂಬುದು ಅವರ ಲೆಕ್ಕ.

ಕಳೆದ ಸಲ ದಾವಣಗೆರೆ ಡಿಪೋ ಹೀಗೆಯೇ ಕೈತಪ್ಪಿತ್ತು. ಮೇಲ್ ಬಂದಾಗ ಕಾಶಿನಾಥ ಟೀ ಕುಡಿಯುತ್ತಿದ್ದ. ಅವನ ಫೋನು ಮೇಲ್ ಬಾರದ ಹಳೆಯ ಗುಂಡಿ ಫೋನು. ಕಂಪ್ಯೂಟರೋ, ಮೇಲ್ ತೆಗೆಯಲು ಮುದಿ ಎತ್ತಿನಂತೆ ತಿಣುಕುತ್ತಿತ್ತು. ಅವನು ಓದುವಷ್ಟರಲ್ಲಿ ಬೇರೊಬ್ಬ ದಾವಣಗೆರೆಯಲ್ಲಿ ಮನೆಯನ್ನೇ ಹಿಡಿದಿದ್ದ.

ಈ ಕಷ್ಟ ಕೇಳಿ ಅಕೌಂಟ್ಸಿಗೆ ಹೊಸದಾಗಿ ಸೇರಿದ್ದ ಸ್ನೇಹಾಳಿಗೆ ಪಾಪ ಎನಿಸಿತು.

"ಸಾರ್, ನೋಟಿಫೈಯರ್ ಹಾಕ್ಕೊಡ್ತೀನಿ. ಮೇಲ್ ಬಂದ ತಕ್ಷಣ ಸ್ಕ್ರೀನ್ ಮೂಲೇಲಿ ಒಂದು ಚಿಕ್ ಕಿಟಕಿ ಏಳುತ್ತೆ. ಸೌಂಡೂ ಮಾಡುತ್ತೆ. ಅದ್ರಲ್ಲೇ ಒಂದು ಬಟನ್ ಇಟ್ಟಿದೀನಿ ನೋಡಿ. ಒತ್ತಿದ್ರೆ 'ಒಪ್ಪಿದ್ದೇನೆ ಸಾರ್' ಅಂತ ಉತ್ತರ ಹೋಗುತ್ತೆ. ಮೇಲ್ ಓಪನ್ ಮಾಡೋದೇ ಬೇಡ."

"ನಿನ್ನ ಹೊಟ್ಟಿ ತಣ್ಣಗಿರ್ಲಿ ತಂಗಿ," ಎಂದ ಕಾಶಿನಾಥ.

"ಸೌಂಡ್ ಯಾವ್ದು ಇಡ್ಲಿ ಸಾರ್? ಇದ್ರಲ್ಲಿ ಒಂದೇ ಫೈಲಿದೆ."

"ಇದ್ದದ್ದ ಇಡವಾ."

ಎಡವಟ್ಟಾದದ್ದು ಇಲ್ಲೇ. ಆ ಕಂಪ್ಯೂಟರಿನಲ್ಲಿದ್ದ ಒಂದೇ ಒಂದು ಸದ್ದು ಕಾರ್ಖಾನೆಯ ಗಂಟೆಯದು. ಹುಬ್ಬಳ್ಳಿಯ ಗುಂಗಿನಲ್ಲಿದ್ದ ಕಾಶಿನಾಥನಿಗೆ ಅದು ನೆನಪಾಗಲಿಲ್ಲ. ಹಳೆಯ ಕರೆಂಟು ಗಂಟೆ ಸುಟ್ಟುಹೋದ ಮೇಲೆ ಹೊಸದು ತರುವ ಬದಲು ಕಾಶಿನಾಥನ ಕಂಪ್ಯೂಟರಿನಿಂದಲೇ ಗಂಟೆ ಹೊಡೆಯುವ ಏರ್ಪಾಡಾಗಿತ್ತು. ಗಣೇಶನ ಹಬ್ಬದ ಮೈಕ್‌ಸೆಟ್ಟಿನವನಿಂದ ಕೊಂಡ ಎರಡು ಕೊಳವೆ ಸ್ಪೀಕರುಗಳು ಶೆಡ್ಡಿನ ತಲೆಯ ಮೇಲಿದ್ದವು. ಒಮ್ಮೆ ಹೊಡೆದರೆ ಟೀ, ಎರಡು ಹೊಡೆದರೆ ಊಟ, ಮೂರು ಹೊಡೆದರೆ ಮನೆಗೆ. ಬಿಡದೆ ಹೊಡೆದರೆ ಬೆಂಕಿ. ಹಿಂದೊಮ್ಮೆ ಯಾರೋ ವೈರು ಕಿತ್ತು, ಊಟದ ಗಂಟೆಯಾಗದೆ ದೊಡ್ಡ ರಾದ್ಧಾಂತವಾಗಿತ್ತು. ಅಂದಿನಿಂದ ವೈರಿನ ಬುಡಕ್ಕೆ ಎಂ-ಸೀಲ್ ಮೆತ್ತಿದ್ದರು. ಸದ್ದು ಕಡಿಮೆ ಮಾಡುವ ಗುಂಡಿಗೆ ಹಿಂದಿನ ಹುಡುಗನೊಬ್ಬ ಪಾಸ್‌ವರ್ಡ್ ಹಾಕಿ, ಅದನ್ನು ಯಾರಿಗೂ ಹೇಳದೆ ಕೆಲಸ ಬಿಟ್ಟಿದ್ದ.

ಇದೊಂದೂ ಗೊತ್ತಿಲ್ಲದ ಸ್ನೇಹಾ ಅರ್ಧ ದಿನ ರಜೆ ಹಾಕಿ ಯಲಹಂಕಕ್ಕೆ ಡ್ರೈವಿಂಗ್ ಲೈಸೆನ್ಸಿನ ಪರೀಕ್ಷೆಗೆ ಹೊರಟುಹೋದಳು.

ಅವಳು ಯಲಹಂಕ ಮುಟ್ಟುವ ಹೊತ್ತಿಗೆ ಇಲ್ಲಿ ಮೊದಲ ಮೇಲ್ ಬಂತು. ಢಣ್! ಮೂಲೆಯಲ್ಲಿ ಕಿಟಕಿ ಎದ್ದಿತು. ಕಾಶಿನಾಥ ಎದೆ ಹಿಡಿದುಕೊಂಡು ನೋಡಿದ. 'ತಲೆಗೂದಲು ಉದುರುತ್ತಿದೆಯೇ? ನಮ್ಮ ಎಣ್ಣೆ ಬಳಸಿ.' ಬೋಳುತಲೆ ಸವರಿಕೊಂಡು ಅದನ್ನು ಮುಚ್ಚಲು ಹೋದ. ಅಷ್ಟರಲ್ಲಿ ಢಣ್! ಇನ್ನೊಂದು ಕಿಟಕಿ ಎದ್ದು ಮೊದಲಿನದನ್ನು ಮೇಲಕ್ಕೆ ನೂಕಿತು. ಅವನ ಬೆರಳು ಬೀಳಬೇಕಾದಲ್ಲಿ ಬೀಳದೆ ಎಣ್ಣೆ ಕಂಪನಿಗೆ 'ಒಪ್ಪಿದ್ದೇನೆ ಸಾರ್' ಎಂದು ಉತ್ತರ ಹೋಯಿತು.

ಹೊರಗೆ ಗದ್ದಲ. ಕಾಶಿನಾಥ ಓಡಿಹೋಗಿ ನೋಡಿದರೆ, ಲೇತು ಮಷೀನುಗಳನ್ನು ನಿಲ್ಲಿಸಿದ ಕೆಲಸಗಾರರು ಅರ್ಧ ಜನ ಲೋಟ ಹಿಡಿದು, ಅರ್ಧ ಜನ ಊಟದ ಡಬ್ಬಿ ಹಿಡಿದು ಕ್ಯಾಂಟೀನಿನ ಮುಂದೆ ನಿಂತಿದ್ದರು. ಕ್ಯಾಂಟೀನಿನ ಸೊಣ್ಣಮ್ಮ ಸೌಟು ಎತ್ತಿಕೊಂಡು ಕೂಗುತ್ತಿದ್ದಳು.

"ಯಾವೋನ್ಲಾ ಗಂಟೆ ಒಡ್ದೋನು? ಆಲು ಈಗ ಒಲೆ ಮ್ಯಾಲಿಟ್ಟಿವ್ನಿ. ಅನ್ನಕ್ಕೆ ಎಸರೇ ಇಟ್ಟಿಲ್ಲ. ನನ್ ತಲೆ ತಿನ್ತೀರಾ?"

"ಅದು ಗಂಟಿ ಅಲ್ಲವಾ, ನನ್ನ ಮೇಲು," ಎಂದ ಕಾಶಿನಾಥ.

ಶೆಡ್ಡಿನ ಮೇಸ್ತ್ರಿ ಶ್ರೀರಾಮಪ್ಪ ಆಗಲೇ ಡಬ್ಬಿ ಬಿಚ್ಚಿ ಮುದ್ದೆ ಮುರಿಯುತ್ತಿದ್ದ. "ಎಲ್ಡು ಒಡೀತು ಸಾ. ಊಟ. ಕಂಪನಿ ರೂಲ್ಸು. ಬಿಚ್ಚಿದ್ ಡಬ್ಬಿ ಇಂಗೇ ಮುಚ್ಚಾಕಾಯ್ತದಾ?"

ಸ್ಟೋರ್ಸಿನ ಚನ್ನು ಹತ್ತಿರ ಬಂದ. ಅವನೂ ಹುಬ್ಬಳ್ಳಿ ಕಡೆಯವನೇ. ಅವನ ಕಣ್ಣೂ ಅದೇ ಡಿಪೋದ ಮೇಲಿತ್ತು. ಆದರೆ ಶೆಡ್ಡು, ಸ್ಟೋರ್ಸುಗಳ ಒಳಗೆ ಮೊಬೈಲ್ ನಿಷೇಧ. ಎಲ್ಲರ ಫೋನುಗಳೂ ಗೇಟಿನ ವಾಚ್‌ಮನ್ ಬಳಿ ಪೆಟ್ಟಿಗೆಯಲ್ಲಿ ಬಿದ್ದಿರುತ್ತಿದ್ದವು. ಹಾಗಾಗಿ ಚನ್ನುವಿನ ಕಡೆಯಿಂದ ಕಾಶಿನಾಥನಿಗೆ ಭಯವಿರಲಿಲ್ಲ.

"ಏನ್ ಕಾಶಣ್ಣಾ, ನೀ ಟಪಾಲು ಓದಿದ್ರ ನಮಗ ಊಟದ ಸೂಟಿ ಏನು? ಛಲೋ ಆತ್ ಬಿಡಪಾ. ದಿನಾ ಓದು."

ಎಲ್ಲರೂ ನಕ್ಕರು. ಕಾಶಿನಾಥ ಒಳಗೆ ಓಡಿ ಸ್ನೇಹಾಳಿಗೆ ಫೋನು ಹಚ್ಚಿದ.

"ತಂಗೀ, ಆ ಗಂಟಿ ಬಂದ್ ಮಾಡೂದು ಹೆಂಗವಾ?"

"ಸಾರ್, ನನ್ ಟರ್ನ್ ಬಂತು, ಎಂಟು ಹಾಕ್ಬೇಕು! ಸೆಟ್ಟಿಂಗ್ಸಿಗೆ ಹೋಗಿ. ಅಲ್ಲಿ ಚೌಕ ಚೌಕ ಇರುತ್ತೆ. ಟಿಕ್ ತೆಗೀರಿ. ಕಾಲು ಕೆಳಗಿಟ್ರೆ ಫೇಲ್ ಮಾಡ್ತಾರೆ ಸಾರ್, ಇಡ್ತೀನಿ!"

ಕಾಶಿನಾಥ ಸೆಟ್ಟಿಂಗ್ಸಿಗೆ ಹೋದ. ಚೌಕಗಳಿದ್ದವು. ಒಂದರಲ್ಲಿ ಮಾತ್ರ ಟಿಕ್ ಇತ್ತು, ಉಳಿದವು ಖಾಲಿ. ಟಿಕ್ ತೆಗೆದರೆ ಸದ್ದಿನ ಜೊತೆ ಕಿಟಕಿಯೂ ಹೋದರೆ? ಹುಬ್ಬಳ್ಳಿಯ ಮೇಲ್ ಬಂದದ್ದು ಗೊತ್ತಾಗುವುದು ಹೇಗೆ? ಇದ್ದ ಟಿಕ್ ಮುಟ್ಟದೆ, ಏನಾದರೂ ಆಗಲಿ ಎಂದು ಖಾಲಿ ಚೌಕವೊಂದನ್ನು ಒತ್ತಿದ. ಗಂಟೆ ಮತ್ತೆ ಹೊಡೆಯಲಿಲ್ಲ. ಕಾಶಿನಾಥ ತಾನೇ ರಿಪೇರಿ ಮಾಡಿದೆನೆಂದು ಬೀಗುತ್ತ ಕುರ್ಚಿಗೆ ಒರಗಿದ.

ಆ ಹೊತ್ತಿಗೆ ಯಾರೂ ಮೇಲ್ ಹಾಕಿರಲಿಲ್ಲ, ಅಷ್ಟೇ. ಅವನು ಒತ್ತಿದ್ದು ಡೀಲರುಗಳ ಗುಂಪಿನ ಚೌಕ, ಇನ್ನು ಆ ಗುಂಪಿನ ಮೇಲಿಗೂ ಗಂಟೆ. ಉತ್ತರ ಕರ್ನಾಟಕದ ಅಷ್ಟೂ ಪಂಪ್ ಡೀಲರುಗಳು ಸೇರಿ ಕಟ್ಟಿಕೊಂಡ ಚರ್ಚೆಯ ಗುಂಪು ಅದು. ಚರ್ಚೆ ಎಂಬುದು ಹೆಸರಿಗೆ. ಪಂಪಿನ ವಿಷಯ ಅಲ್ಲಿ ಯಾರೂ ಎತ್ತುತ್ತಿರಲಿಲ್ಲ. ಒಬ್ಬ ಶುಭ ಸೋಮವಾರ ಎಂದರೆ ಉಳಿದವರೆಲ್ಲ ಎದ್ದು ಶುಭ ಸೋಮವಾರ ಎನ್ನುತ್ತಿದ್ದರು. ಅದೂ ಎಲ್ಲರಿಗೂ ಕಾಣುವಂತೆ. ಇಂಥವರಿಗೆ ಬೇರೆ ಕಸುಬಿಲ್ಲ.

ಅವತ್ತು ರಾಣೆಬೆನ್ನೂರಿನ ಡೀಲರೊಬ್ಬರಿಗೆ ಮೊಮ್ಮಗ ಹುಟ್ಟಿದ್ದ.

ಢಣ್! ಅಭಿನಂದನೆಗಳು. ಢಣ್! ಹಾರ್ದಿಕ ಅಭಿನಂದನೆಗಳು. ಢಣ್! ತುಂಬು ಹೃದಯದ ಅಭಿನಂದನೆಗಳು.

ಮೂರು ಹೊಡೆದಿತ್ತು. ಊಟ ಮುಗಿಸಿ ಕೈ ತೊಳೆಯುತ್ತಿದ್ದ ಕೆಲಸಗಾರರು ಬೈಕುಗಳ ಕಡೆ ನಡೆದರು. ಕಾಶಿನಾಥ ಹೋಗಿ ಗೇಟಿಗೆ ಅಡ್ಡ ನಿಂತ.

"ಲೇ, ಇನ್ನೂ ಮಧ್ಯಾಹ್ನ ಆಗಿಲ್ಲೋ! ಯಾರೂ ಮನಿಗೆ ಹೋಗಬ್ಯಾಡ್ರಿ!"

"ಮೂರು ಒಡೀತಲ್ಲ ಸಾ," ಎಂದ ಶ್ರೀರಾಮಪ್ಪ ಹೆಲ್ಮೆಟ್ ಹಾಕಿಕೊಳ್ಳುತ್ತ.

ಗಂಟೆ ನಿಲ್ಲಲಿಲ್ಲ. ನಾಲ್ಕು, ಐದು, ಆರು. ವಿಜಯಪುರದವರು ಅಭಿನಂದಿಸಿದರು, ಕೊಪ್ಪಳದವರು ಅಭಿನಂದಿಸಿದರು, ತಂದೆಗೆ ಬೇರೆ, ತಾತನಿಗೆ ಬೇರೆ ಅಭಿನಂದಿಸಿದರು. ಮಹಾಮಂಗಳಾರತಿಯ ಹಾಗೆ ಢಣಢಣ ಹೊಡೆಯತೊಡಗಿತು. ಶ್ರೀರಾಮಪ್ಪ ಹಾಕಿದ ಹೆಲ್ಮೆಟ್ ಕಿತ್ತೆಸೆದ.

"ಬೆಂಕಿ! ಎಲ್ರೂ ಬಯಲ್ಗೆ ಓಡ್ರಲೇ! ಬೆಂಕಿ!"

ಇಡೀ ಕಾರ್ಖಾನೆ ಹೊಂಗೆಮರದ ಕೆಳಗೆ ಬಂದು ಬಿತ್ತು. ಸೊಣ್ಣಮ್ಮ ಹಾಲಿನ ಪಾತ್ರೆ ತಬ್ಬಿಕೊಂಡೇ ಓಡಿ ಬಂದಳು. ಬೆಂಕಿ ಬಿದ್ದರೆ ಮೊದಲು ಮೊಬೈಲ್ ಹಿಂದಿರುಗಿಸಬೇಕೆಂಬ ನಿಯಮ ಇತ್ತು. ವಾಚ್‌ಮನ್ ಪೆಟ್ಟಿಗೆಯನ್ನೇ ತಂದು ಮರದ ಬುಡದಲ್ಲಿ ಸುರಿದ. ಪಕ್ಕದ ಪ್ಲೈವುಡ್ ಗೋಡೌನಿನವನಿಗೆ ತನ್ನ ಹಲಗೆಗಳ ಚಿಂತೆ. ಹಿಂದೆ ಮುಂದೆ ನೋಡದೆ ಅಗ್ನಿಶಾಮಕಕ್ಕೆ ಫೋನು ಮಾಡಿದ.

ಕಾಶಿನಾಥ ಮಾತ್ರ ಆಫೀಸಿನೊಳಗೆ ಮರಳಿ ಕಂಪ್ಯೂಟರಿನ ಮುಂದೆ ಕೂತ. ಆ ನೋಟಿಫೈಯರನ್ನು ಒಂದೇ ಏಟಿಗೆ ಕಿತ್ತುಹಾಕಬಹುದಿತ್ತು, ಸ್ವಿಚ್ಚು ಆರಿಸಬಹುದಿತ್ತು. ಬುದ್ಧಿ ಇದ್ದವನು ಹಾಗೆ ಮಾಡುತ್ತಿದ್ದ. ಆದರೆ ಅವನ ಕಣ್ಣಿನಲ್ಲಿದ್ದುದು ಹೆಂಡತಿಯ ಕೈಯ ರೊಟ್ಟಿ, ಶೇಂಗಾ ಚಟ್ನಿ. ಎಲ್ಲರೂ ಹೊರಗೆ, ತಾನೊಬ್ಬನೇ ಒಳಗೆ. ಈಗ ಮೇಲ್ ಬಂದರೆ ತನಗಿಂತ ಮೊದಲು ನೋಡುವವರು ಯಾರು?

ಲಾರಿ ಬಂತು. ಅದರ ಸೈರನ್ನೂ ಇದರ ಗಂಟೆಯೂ ಸೇರಿ ಅಬ್ಬಿಗೆರೆಯ ನಾಯಿಗಳೆಲ್ಲ ಕತ್ತೆತ್ತಿ ಊಳಿಟ್ಟವು. ಅಧಿಕಾರಿ ಬೂಟು ಕುಟ್ಟುತ್ತ ಒಳಗೆ ಬಂದ.

"ಬೆಂಕಿ ಎಲ್ರೀ?"

"ಬೆಂಕಿ ಇಲ್ರೀ ಸಾಹೇಬ್ರ. ರಾಣೆಬೆನ್ನೂರಾಗ ಕೂಸು ಹುಟ್ಟೇತ್ರಿ."

ಅಧಿಕಾರಿ ಅವನನ್ನು ಮೇಲಿಂದ ಕೆಳಗೆ ನೋಡಿದ. "ಕುಡಿದಿದೀರೇನ್ರೀ?"

ಢಣ್! ಈ ಸಲ ಮಾಲೀಕರ ಮೇಲು. 'ಯಾಕ್ರೀ ಲಾರಿ ಬಂದೈತೆ? ಪಕ್ಕದ್ ಗೋಡೌನ್ನವ್ನು ನಂಗೆ ಪೋನ್ ಮಾಡವ್ನೆ. ಗಂಟೆ ನಿಲ್ಸಿ.' ಢಣ್! 'ನಿಲ್ಸಿ ಅಂದ್ರೆ ಇನ್ನೂ ಒಡೀತೈತಂತೆ. ನನ್ ಮಾತ್ಗೆ ಬೆಲೆ ಇಲ್ವಾ?' ಢಣ್! 'ಯಾವೋನ್ರೀ ಅದು?' ಅವರು ಬೈದಷ್ಟೂ ಗಂಟೆ, ಗಂಟೆ ಹೊಡೆದಷ್ಟೂ ಬೈಗುಳ. ಅಧಿಕಾರಿ ಕಿವಿ ಮುಚ್ಚಿಕೊಂಡು ಹೊರಗೆ ಹೋದ.

ಆಗ ಬಂತು. ಢಣ್! ಮೂಲೆಯಲ್ಲಿ ಕಿಟಕಿ ಎದ್ದಿತು. 'ಉಬ್ಳಿ ಡಿಪೋ ಖಾಲಿ ಐತೆ. ಯಾರ್ ಓಯ್ತೀರಾ?'

ಕಾಶಿನಾಥನಿಗೆ ಕಣ್ಣು ಮಂಜಾಯಿತು. ಅಂಗೈ ಬೆವರಿ ಮೌಸು ಮೀನಿನಂತೆ ಜಾರಿತು. ಹಿಡಿದು ಎಳೆದು ತಂದ. ಢಣ್! ಗಂಟೆ ಮತ್ತೆ ಹೊಡೆಯಿತು. ಹೊಡೆದುಕೊಳ್ಳಲಿ. ಅವನು ಉಸಿರು ಬಿಗಿಹಿಡಿದು ಗುಂಡಿ ಒತ್ತಿಯೇಬಿಟ್ಟ. 'ಒಪ್ಪಿದ್ದೇನೆ ಸಾರ್' ಹೋಯಿತು. ಕ್ಷಣದಲ್ಲೇ ಮಾಲೀಕರ ಮರುತ್ತರ: 'ಭೇಷ್ ಕಾಶಿನಾಥ್. ಮೊದ್ಲು ಒಪ್ಕಂಡೋರು ನೀವೇ. ಜಾಗ ನಿಮ್ದೇ.'

ಅವನು ನೋಟಿಫೈಯರನ್ನು ಮುಚ್ಚಿದ. ಬೆಳಗಿನಿಂದ ಮೊದಲ ಸಲ ಕಾರ್ಖಾನೆ ತಣ್ಣಗಾಯಿತು. ಹೆಂಡತಿಗೆ ಫೋನು ಹಚ್ಚಿದ.

"ಅಕ್ಷಯಾ, ಆತ್ ನೋಡ! ಬಂದೆ!"

"ಖರೇನ್ರೀ?" ಅವಳು ಕೂಗಿಯೇಬಿಟ್ಟಳು. "ಈಗ ಸಾಲ್ಯಾಗ ಎಲ್ಲಾರಿಗೂ ಪೇಡೆ ಹಂಚ್ತೀನ್ರೀ."

ಕಾಶಿನಾಥ ಮದುಮಗನ ಹಾಗೆ ಹೊರಗೆ ನಡೆದ. ಹೊಂಗೆಮರದ ಕೆಳಗೆ ಜನ ಯಾರನ್ನೋ ಎತ್ತಿ ಕುಣಿಸುತ್ತಿದ್ದರು. ನೋಡಿದರೆ ಚನ್ನು. ಕೈಯಲ್ಲಿ ಮೊಬೈಲು.

"ಕಾಶಣ್ಣಾ, ನಿನ್ನ ಉಪಕಾರ ಮರ್ಯಾಂಗಿಲ್ಲಪಾ! ನೀ ಬೆಂಕಿ ಗಂಟಿ ಹೊಡದಿ, ನನ್ನ ಫೋನ್ ನನ್ನ ಕೈಗೆ ಬಂತು. ಮಾಡಾಕ ಕೆಲಸಾನೂ ಇರಲಿಲ್ಲ. ಮೇಲ್ ನೋಡಕೋತ ಕುಂತಿದ್ದೆ. ಹುಬ್ಬಳ್ಳಿ ಬಂತು, ಒತ್ತೇಬಿಟ್ಟೆ!"

"ನಿನಗ ಹೆಂಗ ಬರ್ತದೋ? ನನಗ ಭೇಷ್ ಅಂದಾರ! ಜಾಗ ನಂದಽ ಅಂತ ಬರದಾರ!"

"ಅದಾ? ಅದು ಆಮ್ಯಾಲಿನ ಮೇಲಿಗೆ ಅಣ್ಣಾ," ಎಂದು ಚನ್ನು ಮೊಬೈಲನ್ನು ಅವನ ಮೂಗಿಗೆ ಹಿಡಿದ.

ಹುಬ್ಬಳ್ಳಿಯ ಬೆನ್ನಿಗೇ ಮಾಲೀಕರು ಇನ್ನೊಂದು ಮೇಲ್ ಹಾಕಿದ್ದರು. ಅದರ ಕಿಟಕಿ ಎದ್ದು ಹುಬ್ಬಳ್ಳಿಯನ್ನು ಮೇಲಕ್ಕೆ ನೂಕಿ, ತಾನು ಆ ಜಾಗದಲ್ಲಿ ಕೂತಿತ್ತು. ಕಾಶಿನಾಥನ ಬೆರಳು ಅದರ ಮೇಲೆ ಬಿದ್ದಿತ್ತು. 'ನಾಳೆಯಿಂದ ಕಂಪ್ಯೂಟರ್ ಗಂಟೆ ಬಂದ್. ಹೊಂಗೆಮರಕ್ಕೆ ರೈಲ್ ಕಂಬಿ ತುಂಡು ಕಟ್ಸಿ, ಸುತ್ತಿಗೇಲಿ ಒಡೀಬೇಕು. ಒಡೆಯೋರು ಗೇಟ್ ಬಿಟ್ ಆಚಿಕೆ ಓಗಂಗಿಲ್ಲ. ಮೂರೊರ್ಷ ಬೇರೆ ಊರ್ಗೆ ಕಳ್ಸಾಕಿಲ್ಲ. ಯಾರ್ ಒಪ್ತೀರಾ?'

ಶ್ರೀರಾಮಪ್ಪ ಶೆಡ್ಡಿನಿಂದ ದೊಡ್ಡ ಸುತ್ತಿಗೆಯೊಂದನ್ನು ತಂದು ಕಾಶಿನಾಥನ ಕೈಗಿಟ್ಟ. "ನಿಮ್ದೇ ದೊಡ್ ಮನ್ಸು ಸಾ. ನಾವ್ಯಾರೂ ಒಪ್ತಿರ್ಲಿಲ್ಲ."

ಮರುದಿನ ಬೆಳಿಗ್ಗೆ ಕಾಶಿನಾಥ ಹೊಂಗೆಮರದ ಕೆಳಗೆ ಸುತ್ತಿಗೆ ಹಿಡಿದು ನಿಂತಿದ್ದ. ಹುಬ್ಬಳ್ಳಿಯ ಶಾಲೆಯಲ್ಲಿ ಹಂಚಿದ ಪೇಡೆ ವಾಪಸ್ ಬರುವ ಹಾಗಿರಲಿಲ್ಲ. ಅಕ್ಷಯಾ ಹಿಂದಿನ ಸಂಜೆಯಿಂದ ಅವನ ಫೋನು ಎತ್ತುತ್ತಿರಲಿಲ್ಲ. ಸೊಣ್ಣಮ್ಮ ಕ್ಯಾಂಟೀನಿನಿಂದಲೇ ಕೂಗಿದಳು. "ಆಲು ಕಾದೈತೆ ಕಣಪ್ಪೋ, ಒಡಿ!"

ಅಷ್ಟರಲ್ಲಿ ಹೊಸ ಲೈಸೆನ್ಸಿನ ಖುಷಿಯಲ್ಲಿ ಸ್ಕೂಟರಿನ ಮೇಲೆ ಬಂದ ಸ್ನೇಹಾ, ಆಫೀಸಿನೊಳಗೆ ಹೋಗಿ ಸ್ವಲ್ಪ ಹೊತ್ತಿನ ಮೇಲೆ ಕಿಟಕಿಯಿಂದ ತಲೆ ಹಾಕಿದಳು.

"ಸಾರ್, ನಿಮ್ ನೋಟಿಫೈಯರ್ ಮತ್ತೆ ಆನ್ ಮಾಡಿ ಪೂರ್ತಿ ಸರಿ ಮಾಡಿದೀನಿ! ಇನ್ಮೇಲೆ ಎಷ್ಟು ಮೇಲ್ ಬಂದ್ರೂ ಸದ್ದೇ ಮಾಡಲ್ಲ! ಆಮೇಲೆ ಸಾರ್, ತಲೆಗೂದಲು ಎಣ್ಣೆಯವರು ಮೇಲ್ ಹಾಕಿದಾರೆ. ದೊಡ್ಡ ಬಾಟ್ಲಿ ಕಳಿಸಿದಾರಂತೆ!"

ಕಾಶಿನಾಥ ಅವಳ ಕಡೆ ನೋಡಲಿಲ್ಲ. ಸುತ್ತಿಗೆಯನ್ನು ತಲೆಯ ಮೇಲಿನವರೆಗೆ ಎತ್ತಿ, ಮೈಯಲ್ಲಿದ್ದ ಸಿಟ್ಟನ್ನೆಲ್ಲ ಸೇರಿಸಿ ಕಂಬಿಗೆ ಬಾರಿಸಿದ. ಅವನ ಕೋಪ ಒಂದು ಏಟಿಗೆ ಇಳಿಯಲಿಲ್ಲ, ಇನ್ನೊಂದು ಬಾರಿಸಿದ.

ಶೆಡ್ಡಿನೊಳಗೆ ಶ್ರೀರಾಮಪ್ಪ ಡಬ್ಬಿ ಬಿಚ್ಚಿದ.